ಶನಿಗೆ ಎಷ್ಟು ಚಂದ್ರ? ಒಂದು ಖಗೋಳ ಗೋಡೆ ಬಿಚ್ಚಿ ಕಟ್ಟಿದ ಲೆಕ್ಕ

ಮಾರ್ಚ್ ಕೊನೆ: ಸ್ಟಿಕರ್ ಕೀಳುವುದು

ಹೇರ್ ಡ್ರೈಯರ್ ಹಿಡಿದು ನಮ್ಮ ಮ್ಯೂಸಿಯಂನ ಖಗೋಳ ಗೋಡೆಯಲ್ಲಿ ಶನಿಗ್ರಹದ ಫಲಕದ ಮುಂದೆ ಕೂತಿದ್ದೆ. ಬಿಸಿಗಾಳಿ ತಾಗಿದರೆ ಸ್ಟಿಕರಿನ ಅಂಟು ಮೆತ್ತಗಾಗುತ್ತದೆ. ಆಮೇಲೆ ಉಗುರು ಹಾಕಿ ಮೆಲ್ಲಗೆ ಎಬ್ಬಿಸಬಹುದು. ಮೇಲಿನ ಸ್ಟಿಕರಿನಲ್ಲಿ ‘ಉಪಗ್ರಹಗಳು 146’ ಅಂತ ಇತ್ತು. ಅದು ಎದ್ದು ಬಂತು. ಕೆಳಗೆ ಇನ್ನೊಂದು, 82. ಅದನ್ನೂ ಎಬ್ಬಿಸಿದೆ. ಕಟ್ಟಕಡೆಗೆ ಅಕ್ರಿಲಿಕ್ ಹಾಳೆಯ ಮೇಲೇ ಅಚ್ಚಾಗಿದ್ದ ಮೂಲ ಅಂಕಿ ಕಂಡಿತು, 62.

82 ಅನ್ನೋದು 2019ರ ಲೆಕ್ಕ. 146 ಬಂದದ್ದು 2023ರಲ್ಲಿ. ನನ್ನ ಜೇಬಿನಲ್ಲಿದ್ದ ಹೊಸ ಸ್ಟಿಕರಿನಲ್ಲಿ 274 ಅಂತ ಇತ್ತು. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸ ಉಪಗ್ರಹಗಳಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಾನ್ಯತೆ ಸಿಕ್ಕಿತ್ತು. ಕೆನಡಾ-ಫ್ರಾನ್ಸ್-ಹವಾಯಿ ದೂರದರ್ಶಕದಲ್ಲಿ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಹುಡುಕಿದ ಚಂದ್ರರು ಅವು. ಹೆಚ್ಚಿನವು ಕೆಲವೇ ಕಿಲೋಮೀಟರ್ ಅಗಲದ ಚೂರುಗಳು. ಆದರೂ ಲೆಕ್ಕ ಲೆಕ್ಕವೇ.

ಅಂಟಿಸಲು ಹೊರಟವನು ಹಾಗೇ ಕೂತೆ. ಕಾರಣ ಶನಿಯಲ್ಲ, ಪಕ್ಕದ ಗೋಡೆಯ ಮೇಲಿದ್ದ ಒಂದು ಎ4 ಹಾಳೆ.

ಅದರ ಕಥೆ ಹೇಳಬೇಕು. 2025ರ ಫೆಬ್ರವರಿಯಲ್ಲಿ ‘2024 ವೈಆರ್4’ ಅನ್ನೋ ಕ್ಷುದ್ರಗ್ರಹದ ಸುದ್ದಿ ಎಲ್ಲ ಕಡೆ ಇತ್ತು. 2024ರ ಡಿಸೆಂಬರ್ 27ರಂದು ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕದ ಕಣ್ಣಿಗೆ ಬಿದ್ದದ್ದು ಅದು. 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿದರೂ ಬಡಿಯಬಹುದು ಅಂತ ಲೆಕ್ಕ ಹೇಳುತ್ತಿತ್ತು. ಫೆಬ್ರವರಿ 18ರಂದು ನಾಸಾ ಲೆಕ್ಕದಲ್ಲಿ ಆ ಸಾಧ್ಯತೆ ಶೇ 3.1ಕ್ಕೆ ಏರಿತು. ಅವತ್ತೇ ನಮ್ಮಲ್ಲಿ ಯಾರೋ ಉತ್ಸಾಹ ತಾಳಲಾರದೆ ‘ಭೂಮಿಗೆ ಬಡಿಯುವ ಸಾಧ್ಯತೆ ಶೇ 3.1’ ಅಂತ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದರು. ಯಾರೋ ಅಂದೆ, ಅಲ್ವಾ? ನಾನೇ.

ಒಂದು ವಾರ ಕಳೆಯುವಷ್ಟರಲ್ಲಿ ಅದು ಶೇ 0.004ಕ್ಕೆ ಇಳಿದಿತ್ತು. ಹಾಳೆ ಮಾತ್ರ ಅಲ್ಲೇ ಉಳಿಯಿತು. ನಾನು ಹೇರ್ ಡ್ರೈಯರ್ ಹಿಡಿದು ಕೂತಿದ್ದಾಗ ಶಾಲೆಯ ಒಂದು ತಂಡ ಬಂತು. ಒಬ್ಬ ಹುಡುಗಿ ಹಾಳೆ ಓದಿ, ಬೆರಳು ಮಡಚಿ ಏನೋ ಎಣಿಸಿ, ನನ್ನ ಹತ್ತಿರ ಬಂದಳು. “ಅಂಕಲ್, 2032ಕ್ಕೆ ನಂಗೆ ಹದಿನೇಳು ವರ್ಷ ಆಗಿರುತ್ತೆ” ಅಂದಳು. ಬೇರೇನೂ ಹೇಳಲಿಲ್ಲ.

ನಾನು ಬರೆದದ್ದು ಸುಳ್ಳಾಗಿರಲಿಲ್ಲ. ತಾರೀಕು ಬರೆದಿರಲಿಲ್ಲ, ಅಷ್ಟೇ.

ಗೈಡ್ ಮೇಡಂ ಹತ್ತಿರ ಹೋಗಿ ಹೇಳಿದೆ, “ಈ ಗೋಡೆ ಪೂರ್ತಿ ಬಿಚ್ಚಬೇಕು.” ಅವರು ಮೇಲೆ ಕೆಳಗೆ ನೋಡಿ, “ಸ್ಟಿಕರ್ ಅಂಟಿಸೋಕೆ ಅಂತ ಹೋಗಿದ್ರಲ್ಲ ಸರ್?” ಅಂದರು.

ಏಪ್ರಿಲ್: ಮೆಟ್ಟಿಲು

ಮೊದಲೇ ಹೇಳಿಬಿಡುತ್ತೇನೆ. ನಾನು ಖಗೋಳ ಓದಿದವನಲ್ಲ. ಮ್ಯೂಸಿಯಂನಲ್ಲಿ ಮರ, ತಂತಿ, ಸ್ಕ್ರೂ ನೋಡಿಕೊಳ್ಳುವವನು. ವಿಷಯ ತಪ್ಪಿದರೆ ತಿದ್ದಲು ಗೈಡ್ ಮೇಡಂ ಇದ್ದಾರೆ. ಮೊಳೆ ತಪ್ಪಿದರೆ ನಾನು.

ಹೊಸ ಗೋಡೆಗೆ ಒಂದೇ ನಿಯಮ ಇಟ್ಟುಕೊಂಡೆವು. ತಾರೀಕಿಲ್ಲದೆ ಯಾವ ಅಂಕಿಯೂ ಗೋಡೆಗೆ ಏರಬಾರದು. ‘ಶನಿಗೆ 82 ಉಪಗ್ರಹಗಳು’ ಅನ್ನೋ ವಾಕ್ಯ ಕೆಲವೇ ವರ್ಷದಲ್ಲಿ ಹಳಸಿತು. ‘2019ರ ಕೊನೆಗೆ ಗೊತ್ತಿದ್ದದ್ದು 82’ ಅನ್ನೋದು ಎಂದಿಗೂ ಹಳಸುವುದಿಲ್ಲ. ಹಾಗಿದ್ದರೆ ಹಳೇ ಅಂಕಿಗಳನ್ನು ಯಾಕೆ ಮುಚ್ಚಬೇಕು? ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ಆಯಿತು.

ಹಾಗಾಗಿ ಶನಿ ಫಲಕ ಮೆಟ್ಟಿಲಾಯಿತು. ಒಂದು ಉಪಗ್ರಹಕ್ಕೆ 5 ಮಿಲಿಮೀಟರ್ ಅಂತ ಮರದ ಪಟ್ಟಿ ಕತ್ತರಿಸಿದೆ. 1655ರಲ್ಲಿ ಹೈಗನ್ಸ್ ಟೈಟನ್ ಕಂಡುಹಿಡಿದಾಗ ಲೆಕ್ಕ 1. ಪಟ್ಟಿಯ ಎತ್ತರ ಅರ್ಧ ಸೆಂಟಿಮೀಟರ್. 1684ಕ್ಕೆ ಕ್ಯಾಸಿನಿ ಇನ್ನೂ ನಾಲ್ಕು ಸೇರಿಸಿದ್ದರು, 5. 1789ರಲ್ಲಿ ಹರ್ಷೆಲ್ ಎರಡು ಕಂಡರು, 7. 1848ಕ್ಕೆ 8. 1899ಕ್ಕೆ 9, ಅಂದರೆ ನಾಲ್ಕೂವರೆ ಸೆಂಟಿಮೀಟರ್. ಇಷ್ಟೂ ಪಟ್ಟಿಗಳನ್ನು ಒಂದು ಅಂಗೈಯಲ್ಲಿ ಹಿಡಿಯಬಹುದು. ಆಮೇಲೆ 2019ರ ಪಟ್ಟಿ 41 ಸೆಂಟಿಮೀಟರ್, 2023ರದು 73, 2025ರದು 137. ಎರಡೂವರೆ ಶತಮಾನದ ಕೆಲಸ ಮೊಣಕಾಲು ಇರಲಿ, ಪಾದದ ಗಂಟಿನವರೆಗೂ ಬರುವುದಿಲ್ಲ. ಕೊನೆಯ ಪಟ್ಟಿ ಮಕ್ಕಳ ತಲೆಯ ಮಟ್ಟ. ಅಂಕಿ ಓದದೆಯೇ ಅರ್ಥವಾಗುತ್ತದೆ.

62ಕ್ಕೆ ಏನು ತಾರೀಕು ಹಾಕುವುದು ಅಂತ ತಲೆ ಕೆಡಿಸಿಕೊಂಡೆವು. ಹಳೇ ಫಲಕದ ಹಿಂದೆ ಮುಂದೆ ಎಲ್ಲೂ ಅಚ್ಚಾದ ವರ್ಷ ಇರಲಿಲ್ಲ. ‘2019ಕ್ಕೆ ಮುಂಚೆ’ ಅಂತ ಬರೆದು, ಆ ಅಕ್ರಿಲಿಕ್ ತುಂಡನ್ನೇ ಕತ್ತರಿಸಿ ಪಟ್ಟಿಯ ತಲೆಗೆ ಕೂರಿಸಿದೆ. ಕಿತ್ತ ಸ್ಟಿಕರುಗಳೂ ಅಲ್ಲೇ ಇವೆ, ಅವರವರ ಪಟ್ಟಿಯ ಮೇಲೆ. ಅಂಚು ಸ್ವಲ್ಪ ಸುಕ್ಕಾಗಿದೆ, ಇರಲಿ.

ಅಕ್ರಿಲಿಕ್ ಕತ್ತರಿಸುವವರಿಗೆ ಒಂದು ಮಾತು. ಜಿಗ್‌ಸಾ ವೇಗವಾಗಿ ಓಡಿಸಬೇಡಿ. ಬ್ಲೇಡ್ ಬಿಸಿಯಾಗಿ ಅಂಚು ಕರಗುತ್ತದೆ, ಕತ್ತರಿಸಿದ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ನಾನು 62ರ ‘2’ ಬಾಲವನ್ನು ಹೀಗೇ ಕಳೆದೆ.

ಮೇ: ನಾಲ್ಕು ಚಕ್ರ

ಈ ಭಾಗ ನನಗೆ ಬಹಳ ಇಷ್ಟ. ಅತಿ ಜಾಸ್ತಿ ತೊಂದರೆ ಕೊಟ್ಟದ್ದೂ ಇದೇ.

ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಹೊರಗ್ರಹ ಅನ್ನುತ್ತೇವೆ. ನಾಸಾದ ಹೊರಗ್ರಹ ದಾಖಲೆಯಲ್ಲಿ ಅವುಗಳ ಖಚಿತ ಪಟ್ಟಿ ಇದೆ, ಸಾಮಾನ್ಯವಾಗಿ ವಾರಕ್ಕೊಮ್ಮೆ ಹೊಸದಾಗುತ್ತದೆ. ಕಂಪ್ಯೂಟರ್ ಒಂದು ಪ್ರಶ್ನೆ ಕಳಿಸಿದರೆ ಒಟ್ಟು ಎಷ್ಟು ಅಂತ ಉತ್ತರ ಕೊಡುತ್ತದೆ, ಯಾರಿಗೂ ಪಾಸ್‌ವರ್ಡ್ ಬೇಕಿಲ್ಲ. ಆ ಅಂಕಿಯನ್ನು ಟಿವಿ ಪರದೆಯಲ್ಲಿ ತೋರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಪರದೆಯ ಮೇಲೆ ಅಂಕಿ ಬದಲಾದರೆ ಯಾರೂ ತಿರುಗಿ ನೋಡುವುದಿಲ್ಲ. ಟಕಟಕ ಅಂತ ಮರದ ಚಕ್ರ ತಿರುಗಿದರೆ ಇಡೀ ಕೋಣೆ ತಿರುಗುತ್ತದೆ. ಹಾಗಾಗಿ ನಾಲ್ಕು ಮರದ ಚಕ್ರ, ಒಂದೊಂದರ ಅಂಚಿನಲ್ಲಿ 0ಯಿಂದ 9, ಹಿಂದೆ ಒಂದೊಂದು ಚಿಕ್ಕ ಸ್ಟೆಪ್ಪರ್ ಮೋಟಾರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್. ಎಲ್ಲ ಕಡೆ ಸಿಗುವ 28ಬಿವೈಜೆ-48. ಒಳಗೆ ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್.

ಚಕ್ರಗಳ ಕೆಳಗೆ ಒಂದು ಹಿತ್ತಾಳೆ ತಗಡು. ಅದರಲ್ಲಿ ಕೆತ್ತಿಸಿದ್ದು ‘1992 ಜನವರಿ: 2’. ಸತ್ತ ನಕ್ಷತ್ರವೊಂದರ ಸುತ್ತ, ಅಂದರೆ ಪಲ್ಸಾರ್ ಸುತ್ತ, ಮೊದಲ ಎರಡು ಹೊರಗ್ರಹಗಳ ಸುದ್ದಿ ಬಂದ ತಿಂಗಳು ಅದು. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲನೆಯದು ಸಿಕ್ಕಿದ್ದು 1995ರಲ್ಲಿ, 51 ಪೆಗಾಸಿ ಬಿ. ಅದು ನಾಲ್ಕು ದಿನ ಚಿಲ್ಲರೆಗೆ ಒಂದು ಸುತ್ತು ಮುಗಿಸುತ್ತದೆ. ಅಂದರೆ ಅಲ್ಲಿ ವಾರಕ್ಕೆ ಮುಂಚೆ ವರ್ಷ ಮುಗಿಯುತ್ತದೆ. ಇದೂ ತಗಡಿನ ಮೇಲಿದೆ. ತಗಡಿನ ಮೇಲೆ ಕೆತ್ತಿಸಿದ್ದು ಬದಲಾಗುವುದಿಲ್ಲ, ಚಕ್ರದ್ದು ಬದಲಾಗುತ್ತದೆ. ಹಾಗೇ ಇರಲಿ ಅಂತಲೇ ಮಾಡಿದ್ದು.

ಈಗ ತೊಂದರೆಗಳು.

ಒಂದು ಪೂರ್ತಿ ಸುತ್ತಿಗೆ ಈ ಮೋಟಾರ್ 2048 ಹೆಜ್ಜೆ ಇಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹತ್ತು ಅಂಕಿಗೆ ಹಂಚಿದರೆ 204.8. ಅರೆ ಹೆಜ್ಜೆ ಲೆಕ್ಕ ಬೇಡ ಅಂತ 205 ಹಾಕಿದೆ. ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ರಾತ್ರಿ ಪರೀಕ್ಷೆಗೆ ಬಿಟ್ಟು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಬಿಡಿ ಸ್ಥಾನದ ಚಕ್ರ 3 ಮತ್ತು 4ರ ನಡುವೆ ನಿಂತಿದೆ. ಮೂರೂವರೆ ಗ್ರಹ!

ಹುಡುಕಿದಾಗ ತಿಳಿದದ್ದು ಇಷ್ಟು. ಆ ಮೋಟಾರಿನ ಒಳಗಿನ ಗೇರ್ ಅನುಪಾತ ಸರಿಯಾಗಿ 64 ಅಲ್ಲ, ಸುಮಾರು 63.68. ಒಂದು ಸುತ್ತಿಗೆ ನಿಜಕ್ಕೂ 2038 ಹೆಜ್ಜೆಗೆ ಹತ್ತಿರ. ನಾನು ಪ್ರತಿ ಅಂಕಿಗೂ 1.2 ಹೆಜ್ಜೆ ಜಾಸ್ತಿ ಹಾಕುತ್ತಿದ್ದೆ. ಸುಮಾರು 85 ಅಂಕಿ ದಾಟುವಷ್ಟರಲ್ಲಿ ಚಕ್ರ ಅರ್ಧ ಅಂಕಿ ಆಚೆ ಹೋಗಿರುತ್ತದೆ. ಹೆಜ್ಜೆ ಸರಿಮಾಡಿದರೂ ಯಾರಾದರೂ ಬೆರಳಿಟ್ಟು ತಿರುಗಿಸಿದರೆ ಮತ್ತೆ ಅದೇ ಪಾಡು. ಕೊನೆಗೆ ಪ್ರತಿ ಚಕ್ರದ ಸೊನ್ನೆಯ ಹಿಂದೆ ಒಂದು ಪುಟ್ಟ ಅಯಸ್ಕಾಂತ ಹೂತು, ಎದುರಿಗೆ ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಹಾಲ್ ಸೆನ್ಸರ್ ಇಟ್ಟೆ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಒಂದೊಂದೇ ಚಕ್ರ ತಿರುಗಿ ತನ್ನ ಸೊನ್ನೆ ಹುಡುಕುತ್ತದೆ, ಅಲ್ಲಿಂದ ಹೆಜ್ಜೆ ಎಣಿಸಿ ತನ್ನ ಅಂಕಿಗೆ ಹೋಗುತ್ತದೆ. ಗೈಡ್ ಮೇಡಂ ಇದಕ್ಕೆ ‘ಹಾಜರಿ’ ಅನ್ನುತ್ತಾರೆ.

ಎರಡನೇ ತೊಂದರೆ ನನ್ನದೇ ಅತಿಬುದ್ಧಿ. ನೆಟ್ ಕೈಕೊಟ್ಟಾಗ ಅರ್ಧಂಬರ್ಧ ಉತ್ತರ ಬಂದು ಚಕ್ರ 0000ಕ್ಕೆ ಓಡಬಾರದು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ್ದೆ. ಹೊಸ ಅಂಕಿ ಹಳೆಯದಕ್ಕಿಂತ ಕಡಿಮೆ ಇದ್ದರೆ ನಂಬಬೇಡ, ಹಳೆಯದನ್ನೇ ಇಟ್ಟುಕೋ. ಕಂಡುಹಿಡಿದ ಗ್ರಹಗಳ ಲೆಕ್ಕ ಕಡಿಮೆಯಾಗಲು ಹೇಗೆ ಸಾಧ್ಯ, ಅಲ್ವಾ?

ಸಾಧ್ಯ. ಒಂದು ವಾರ ಚಕ್ರ ಅಲ್ಲಾಡಲಿಲ್ಲ. ತಂತಿ ನೋಡಿದೆ, ಬೆಸುಗೆ ನೋಡಿದೆ, ಮೋಟಾರ್ ಬದಲಿಸಿದೆ. ಕೊನೆಗೆ ದಾಖಲೆಯನ್ನು ಕಣ್ಣಾರೆ ತೆರೆದು ನೋಡಿದರೆ ಅಂಕಿ ನಮ್ಮ ಗೋಡೆಗಿಂತ ಒಂದು ಕಡಿಮೆ ಇತ್ತು. ಯಾವುದೋ ಒಂದನ್ನು ಪಟ್ಟಿಯಿಂದ ಕೈಬಿಟ್ಟಿದ್ದರು. ಇದು ಆಗುವಂಥದ್ದೇ. 2022ರಲ್ಲಿ ಕೆಪ್ಲರ್ ದೂರದರ್ಶಕದ ಪಟ್ಟಿಯಲ್ಲಿದ್ದ ಮೂರು ‘ಗ್ರಹ’ಗಳನ್ನು ಮತ್ತೆ ಅಳೆದಾಗ ಅವು ಗ್ರಹಕ್ಕಿಂತ ಬಹಳ ದೊಡ್ಡವು, ಸಣ್ಣ ನಕ್ಷತ್ರಗಳಿರಬೇಕು ಅಂತ ಗೊತ್ತಾಗಿತ್ತು. ಅವುಗಳ ತಾಯಿ ನಕ್ಷತ್ರದ ಗಾತ್ರವನ್ನು ಮುಂಚೆ ತಪ್ಪಾಗಿ ತಿಳಿದಿದ್ದರು. ನಕ್ಷತ್ರ ಹಿಗ್ಗಿದರೆ ಅದನ್ನು ಅಡ್ಡಹಾಯುವ ಗ್ರಹವೂ ಲೆಕ್ಕದಲ್ಲಿ ಹಿಗ್ಗಬೇಕಲ್ಲ.

ಆ ಸಾಲು ಅಳಿಸಿದೆ. ಈಗ ನಿಯಮ ಬೇರೆ. ವ್ಯತ್ಯಾಸ ಮೇಲಕ್ಕಾಗಲಿ ಕೆಳಕ್ಕಾಗಲಿ 200 ದಾಟಿದರೆ ಮಾತ್ರ ಕೆಂಪು ದೀಪ ಹಚ್ಚಿ ನನ್ನನ್ನು ಕಾಯುತ್ತದೆ. ಇಲ್ಲದಿದ್ದರೆ ಚಕ್ರ ಹಿಂದಕ್ಕೂ ತಿರುಗುತ್ತದೆ. ಹಿಂದಕ್ಕೆ ತಿರುಗುವಾಗ ಸದ್ದು ಸ್ವಲ್ಪ ಬೇರೆ ಇರುತ್ತದೆ. ಗೇರಿನ ಸಡಿಲ ಹಲ್ಲಿನಿಂದಲೋ ಏನೋ, ಒಮ್ಮೆ ‘ಕಟ್’ ಅಂದು ಆಮೇಲೆ ಹೊರಡುತ್ತದೆ.

ಜೂನ್: ಚಿಕ್ಕಪುಟ್ಟ ಕೆಲಸಗಳು

ಕಾರ್ಡುಗಳು. ಗೋಡೆಯ ಬಲಗಡೆ ತಗಡು ಬಡಿದು, ಮೇಲೆ ಅಯಸ್ಕಾಂತದ ಕಾರ್ಡು ನಿಲ್ಲುವ ಹಾಗೆ ಮಾಡಿದೆವು. ಒಂದು ಸುದ್ದಿಗೆ ಒಂದು ಕಾರ್ಡು, 40 ಪದಕ್ಕಿಂತ ಜಾಸ್ತಿ ಇಲ್ಲ. ಮೇಲೆ ಎಡ ಮೂಲೆಯಲ್ಲಿ ತಾರೀಕು, ತಲೆಬರಹದಷ್ಟೇ ದಪ್ಪಕ್ಷರದಲ್ಲಿ. ಕೆಳಗೆ ಬಣ್ಣದ ಗುಂಡಿ. ಹಸಿರು ಅಂದರೆ ಖಚಿತ. ಹಳದಿ ಅಂದರೆ ಇನ್ನೂ ಪರಿಶೀಲನೆಯಲ್ಲಿದೆ. ಬೂದು ಅಂದರೆ ಹೇಳಿದವರೇ ಹಿಂತೆಗೆದುಕೊಂಡದ್ದು. ಬೂದು ಗುಂಡಿಯ ಕಾರ್ಡನ್ನು ತೆಗೆಯುವುದಿಲ್ಲ ಅಂತ ಗೈಡ್ ಮೇಡಂ ಹಟ ಹಿಡಿದರು. ಮೊದಲ ಬೂದು ಕಾರ್ಡು ಬೈಸೆಪ್2ರದು. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಆ ದೂರದರ್ಶಕದವರು ಬ್ರಹ್ಮಾಂಡದ ಹುಟ್ಟಿನ ಕಾಲದ ಗುರುತ್ವ ಅಲೆಗಳ, ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುವ ಅಲೆಗಳ, ಗುರುತು ಸಿಕ್ಕಿತು ಅಂದರು. 2015ರ ಆರಂಭದಲ್ಲಿ ಪ್ಲಾಂಕ್ ಕೃತಕ ಉಪಗ್ರಹದ ಮಾಹಿತಿ ಸೇರಿಸಿ ನೋಡಿದಾಗ ಅದು ನಮ್ಮದೇ ಹಾಲುಹಾದಿಯ ಧೂಳು ಅಂತ ಒಪ್ಪಿಕೊಂಡರು. ಜನ ಹಸಿರು ಕಾರ್ಡಿಗಿಂತ ಇದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಬೇರೆಯವರ ಎಡವಟ್ಟು ಓದುವುದರಲ್ಲಿ ಒಂದು ಸುಖ ಇದೆ, ನೋಡಿ.

ಅಕ್ಷರ. ಕಾರ್ಡು ಮುದ್ರಿಸಲು ಪೈಥಾನಿನಲ್ಲಿ ಚಿಕ್ಕ ಪ್ರೋಗ್ರಾಮ್ ಬರೆದಿದ್ದೆ. ಮೊದಲ ಕಾರ್ಡಿನಲ್ಲಿ ‘ನಕ್ಷತ್ರ’ ಬಿಡಿಬಿಡಿಯಾಗಿ, ಒತ್ತಕ್ಷರ ಕೆಳಗಿಳಿಯದೆ, ಕೊಂಬು ಹೊತ್ತ ಅಕ್ಷರಗಳ ಸಾಲಾಗಿ ಬಂತು. ಚಿತ್ರ ಮಾಡುವ ಪಿಲ್ಲೋ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಜೊತೆಗೆ ರಾಕ್ಮ್ ಅನ್ನೋ ಲೈಬ್ರರಿ ಇಲ್ಲದಿದ್ದರೆ ಕನ್ನಡದ ಒತ್ತಕ್ಷರ ಕೂಡುವುದಿಲ್ಲ. ಅದನ್ನು ಹಾಕಿದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಇಂಥ ಕೆಲಸ ಮಾಡುವವರು ಮೊದಲು ‘ನಕ್ಷತ್ರ’ ಅಂತ ಮುದ್ರಿಸಿ ನೋಡಿ. ಅದು ಸರಿ ಬಂದರೆ ಹೆಚ್ಚಿನದೆಲ್ಲ ಸರಿ ಬರುತ್ತದೆ.

ಎಸ್‌ಡಿ ಕಾರ್ಡು. ಸಂಜೆ ಮುಚ್ಚುವಾಗ ಕಾವಲಿನವರು ಮೇನ್ ಸ್ವಿಚ್ಚೇ ಆರಿಸುತ್ತಾರೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಎಸ್‌ಡಿ ಕಾರ್ಡಿನಲ್ಲಿರುವ ಕಡತ ಕೆಡುತ್ತದೆ. ಎರಡು ಕಾರ್ಡು ಹೀಗೆ ಹೋದವು. ರಾಸ್ಪ್‌ಬೆರಿ ಪೈ ಸೆಟ್ಟಿಂಗ್‌ನಲ್ಲಿ ಓವರ್‌ಲೇ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಬರೆಯುವುದೆಲ್ಲ ಮೆಮೊರಿಯಲ್ಲಿ ಮಾತ್ರ, ಕಾರ್ಡು ಮುಟ್ಟುವುದಿಲ್ಲ. ಆಮೇಲೆ ತಂಟೆ ಇಲ್ಲ. ಕೊನೆಯ ಅಂಕಿ ಮತ್ತು ಅದು ಬಂದ ತಾರೀಕನ್ನು ಮಾತ್ರ ಬೇರೆ ಒಂದು ಪೆನ್ ಡ್ರೈವಿಗೆ ಬರೆಸುತ್ತೇನೆ. ನೆಟ್ ಇಲ್ಲದ ದಿನ ಚಕ್ರ ಹಳೇ ಅಂಕಿ ತೋರಿಸುತ್ತದೆ, ಕೆಳಗಿನ ಪುಟ್ಟ ಪರದೆ ಹಳೇ ತಾರೀಕನ್ನೇ ತೋರಿಸುತ್ತದೆ. ಇವತ್ತಿನ ತಾರೀಕು ಹಾಕಿ ಸುಳ್ಳು ಹೇಳುವುದಿಲ್ಲ.

ಬಣ್ಣದ ಹಾಳೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ, ಬಣ್ಣ ನಿಜವಾ? ವೆಬ್ ನೋಡುವುದು ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಬೇರೆ ಬೇರೆ ಫಿಲ್ಟರಿನಲ್ಲಿ ಕಪ್ಪುಬಿಳಿ ಚಿತ್ರ ತೆಗೆದು, ಉದ್ದನೆಯ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಅಂತ ಬಣ್ಣ ಕೊಟ್ಟು ಸೇರಿಸುತ್ತಾರೆ. ಇದನ್ನು ಕೈಯಾರೆ ಮಾಡಿ ನೋಡಲಿ ಅಂತ ಒಂದು ನೀಹಾರಿಕೆಯ ಮೂರು ಕಪ್ಪುಬಿಳಿ ಚಿತ್ರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಕೆಂಪು, ಹಸಿರು, ನೀಲಿಯಲ್ಲಿ ಮುದ್ರಿಸಿ ಲೈಟ್ ಪೆಟ್ಟಿಗೆಯ ಮೇಲೆ ಒಂದರ ಮೇಲೊಂದು ಇಟ್ಟೆ. ಬಂದದ್ದು ಮಸಿ. ಯೋಚಿಸಿದರೆ ಮಸಿಯೇ ಬರಬೇಕು. ಕೆಂಪು ಹಾಳೆ ಹಸಿರನ್ನೂ ನೀಲಿಯನ್ನೂ ತಡೆಯುತ್ತದೆ, ಹಸಿರು ಹಾಳೆ ಕೆಂಪನ್ನು ತಡೆಯುತ್ತದೆ. ಉಳಿಯುವುದೇನು? ಬೆಳಕು ಕೂಡಿಸುವುದು ಬೇರೆ, ಶಾಯಿ ಕೂಡಿಸುವುದು ಬೇರೆ. ಚಿತ್ರಗಳನ್ನು ಮೊದಲು ನೆಗೆಟಿವ್ ಮಾಡಿ, ಕೆಂಪಿನದನ್ನು ಸಯಾನ್ ಶಾಯಿಯಲ್ಲಿ, ಹಸಿರಿನದನ್ನು ಮಜೆಂಟಾದಲ್ಲಿ, ನೀಲಿಯದನ್ನು ಹಳದಿಯಲ್ಲಿ ಮುದ್ರಿಸಿದ ಮೇಲೆ ನೀಹಾರಿಕೆ ತಾನಾಗಿ ಅರಳಿತು. ನಕ್ಷತ್ರಗಳ ಸುತ್ತಲಿನ ಮುಳ್ಳುಗಳನ್ನೂ ಎಣಿಸಲು ಹೇಳುತ್ತೇವೆ. ಆರು ದೊಡ್ಡವು, ಎರಡು ಚಿಕ್ಕವು. ಅವು ಆಕಾಶದಲ್ಲಿಲ್ಲ. ಷಟ್ಕೋನದ ಕನ್ನಡಿ ತುಂಡುಗಳ ಅಂಚಿನಿಂದಲೂ ಮುಂದಿರುವ ಕಂಬಿಗಳಿಂದಲೂ ಬಂದವು.

ಗುರುತ್ವ ಅಲೆಯ ಹಲಗೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸೂರ್ಯನ ಸುಮಾರು 36 ಮತ್ತು 29 ಪಟ್ಟು ತೂಕದ ಎರಡು ಕಪ್ಪು ಕುಳಿಗಳು ಒಂದಾದ ಕ್ಷಣ. ಅಲೆಯ ಕಂಪನ ಸುಮಾರು 35 ಹರ್ಟ್ಸ್‌ನಿಂದ 250 ಹರ್ಟ್ಸ್‌ಗೆ ಏರುತ್ತದೆ, ಅಂದರೆ ನಮ್ಮ ಕಿವಿಯ ಮಿತಿಯೊಳಗೇ ಇದೆ. ಚಿಕ್ಕ ಸ್ಪೀಕರಿಗೆ ಹಾಕಿದೆ. ‘ಟುಪ್’ ಅಂತ ಕೊನೆಯ ಚೂರು ಮಾತ್ರ ಕೇಳಿತು. 35 ಹರ್ಟ್ಸ್ ಅದರ ಕೈಲಿ ಆಗುವ ಕೆಲಸ ಅಲ್ಲ. ಸ್ಪೀಕರ್ ಬಿಟ್ಟು, ಒಂದು ಹಲಗೆಯ ಅಡಿಗೆ ಕಂಪನ ಕೊಡುವ ಟ್ರಾನ್ಸ್‌ಡ್ಯೂಸರ್ ಬಿಗಿದೆ. ಹಲಗೆಯ ಕೆಳಗೆ ನಾಲ್ಕು ರಬ್ಬರ್ ಬುಡ ಇಡಲೇಬೇಕು. ಇಡದೆ ನೋಡಿದಾಗ ಇಡೀ ಗೋಡೆ ಗುಂಯ್‌ಗುಟ್ಟಿ ಮೂರು ಕಾರ್ಡು ಉದುರಿದವು. ಈಗ ಎರಡೂ ಅಂಗೈ ಇಟ್ಟು ಗುಂಡಿ ಒತ್ತಿದರೆ ಅಂಗೈ ಅಡಿಯಲ್ಲಿ ಏನೋ ಸರ್ರನೆ ಏರಿ ನಿಲ್ಲುತ್ತದೆ. 0.2 ಸೆಕೆಂಡ್, ಅಷ್ಟೇ. “ಇಷ್ಟೇನಾ?” ಅಂತ ಎಲ್ಲರೂ ಕೇಳುತ್ತಾರೆ. ಆಮೇಲೆ ಇನ್ನೊಮ್ಮೆ ಒತ್ತುತ್ತಾರೆ. ಅದು 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದದ್ದು ಅಂತ ಓದಿದ ಮೇಲೆ ಮೂರನೇ ಸಲ.

ಕುರುಡರ ಶಾಲೆಯ ಮಕ್ಕಳು ಬಂದ ದಿನ ಈ ಹಲಗೆ ಬಿಟ್ಟು ಯಾರೂ ಅಲ್ಲಾಡಲಿಲ್ಲ. ನನಗೆ ಮುಂಚೆ ಹೊಳೆದೇ ಇರಲಿಲ್ಲ. ಮೆಟ್ಟಿಲಿನ ಪಟ್ಟಿಗಳನ್ನೂ ಅವರು ಕೈಯಿಂದ ಸವರಿ ಓದಿದರು. ಮರುದಿನವೇ ಪಟ್ಟಿಗಳ ಅಂಚಿಗೆ ಮರಳು ಕಾಗದ ಉಜ್ಜಿ ಸಿಬಿರು ತೆಗೆದೆ, ತಲೆಗೆ ಬ್ರೈಲ್ ಅಂಕಿ ಹಚ್ಚಿದೆ.

ಜುಲೈ: ಎ4 ಹಾಳೆಯ ಜಾಗ

ಇನ್ನು ಆ 3.1. ಅದನ್ನು ಕಿತ್ತು ಬಿಸಾಡಲು ಮನಸ್ಸಾಗಲಿಲ್ಲ. ಜನರ ನಿಜವಾದ ಪ್ರಶ್ನೆ ಬೇರೆ ಇತ್ತು. ಅಪಾಯ ಇಲ್ಲದಿದ್ದರೆ ಅಂಕಿ ಮೊದಲು ಏರಿದ್ದು ಯಾಕೆ? ಏರುತ್ತ ಏರುತ್ತ ಹೋಗಿ ಒಮ್ಮೆಗೇ ಬಿದ್ದುಹೋಯಿತಲ್ಲ, ಏನೋ ಮುಚ್ಚಿಡುತ್ತಿದ್ದಾರಾ?

ಇದಕ್ಕೆ ಕಂಪ್ಯೂಟರ್ ಬೇಡ. ಪ್ಲೈವುಡ್ ಹಲಗೆಯ ಮೇಲೆ ಒಂದು ನಾಣ್ಯದ ಗಾತ್ರದ ನೀಲಿ ಬಿಲ್ಲೆ ಅಂಟಿಸಿದೆ, ಅದು ಭೂಮಿ. ಜೊತೆಗೆ ಐದು ಮರದ ಉಂಗುರ, ದೊಡ್ಡದರಿಂದ ಚಿಕ್ಕದಕ್ಕೆ. ಉಂಗುರ ಅಂದರೆ ಆ ಕ್ಷುದ್ರಗ್ರಹ ಅವತ್ತು ಎಲ್ಲಿರಬಹುದು ಅನ್ನುವ ನಮ್ಮ ಅಂದಾಜು. ಮೊದಲು ದೊಡ್ಡ ಉಂಗುರ ಇಡಿ. ಅದರೊಳಗೆ ಭೂಮಿ ಒಂದು ಚುಕ್ಕೆ, ಉಂಗುರದ ಜಾಗದಲ್ಲಿ ಅದರ ಪಾಲು ಚಿಕ್ಕದು. ಹೊಸದಾಗಿ ಅಳೆದ ಹಾಗೆಲ್ಲ ಅಂದಾಜು ಬಿಗಿಯಾಗುತ್ತದೆ, ಉಂಗುರ ಚಿಕ್ಕದಾಗುತ್ತದೆ. ಭೂಮಿ ಇನ್ನೂ ಒಳಗೇ ಇದ್ದರೆ ಅದರ ಪಾಲು ದೊಡ್ಡದಾಗುತ್ತದೆ. ಅದೇ ಏರಿದ ಶೇಕಡಾವಾರು. ಐದನೇ ಉಂಗುರ ಇಟ್ಟಾಗ ಬಿಲ್ಲೆ ಹೊರಗೆ ಉಳಿಯುತ್ತದೆ. ಸೊನ್ನೆ. ಯಾರೂ ಏನೂ ಮುಚ್ಚಿಟ್ಟಿಲ್ಲ.

ಇಡೀ ಗೋಡೆಯಲ್ಲಿ ಅತಿ ಕಡಿಮೆ ಶ್ರಮದ ಭಾಗ ಇದು. ಅರ್ಧ ದಿನದ ಕೆಲಸ. ಜನ ಅತಿ ಹೆಚ್ಚು ಹೊತ್ತು ಆಡುವುದೂ ಇದರ ಜೊತೆಗೇ. ಮೇ ತಿಂಗಳು ಪೂರ್ತಿ ಮೋಟಾರ್ ಜೊತೆ ಗುದ್ದಾಡಿದವನಿಗೆ ಸ್ವಲ್ಪ ಹೊಟ್ಟೆ ಉರಿಯಿತು. ಎ4 ಹಾಳೆಯನ್ನು ಗಾಜು ಹಾಕಿ ಹಲಗೆಯ ಪಕ್ಕ ನೇತುಹಾಕಿದೆವು. ಕೆಳಗೆ ‘2025 ಫೆಬ್ರವರಿ 18’ ಅಂತ ಈಗಲಾದರೂ ಬರೆದಿದ್ದೇನೆ.

ಗೋಡೆ ತೆರೆದ ವಾರವೇ ಹೊಸ ಕಾರ್ಡು ಬರೆಯಬೇಕಾಯಿತು. ಜುಲೈ 1ರಂದು ಅದೇ ಅಟ್ಲಾಸ್ ಕಣ್ಣಿಗೆ ಇನ್ನೊಂದು ಅತಿಥಿ ಬಿತ್ತು, 3ಐ/ಅಟ್ಲಾಸ್. ನಮ್ಮ ಸೌರಮಂಡಲದ ಹೊರಗಿಂದ ಬಂದದ್ದು ಅಂತ ಗೊತ್ತಾದ ಮೂರನೆಯದು ಇದು. ಮೊದಲನೆಯದು 2017ರ ಔಮುವಾಮುವಾ, ಎರಡನೆಯದು 2019ರ ಬೋರಿಸೊವ್. ಗಾತ್ರ 20 ಕಿಲೋಮೀಟರ್‌ವರೆಗೆ ಇರಬಹುದು ಅಂತ ಆಗ ಹೇಳುತ್ತಿದ್ದರು. ಕಾರ್ಡಿನಲ್ಲಿ ಹಾಗೇ ಬರೆದು ಹಳದಿ ಗುಂಡಿ ಇಟ್ಟೆವು. ಆಗಸ್ಟ್‌ನಲ್ಲಿ ಹಬಲ್ ದೂರದರ್ಶಕದ ಚಿತ್ರ ನೋಡಿ ಅದರ ಗಟ್ಟಿ ತಿರುಳು ಹೆಚ್ಚೆಂದರೆ 5.6 ಕಿಲೋಮೀಟರ್ ಅಂದರು. ಹಳೇ ಕಾರ್ಡು ತೆಗೆಯಲಿಲ್ಲ, ಅದರ ಕೆಳಗೆ ಹೊಸದನ್ನು ಹಚ್ಚಿದೆವು. ಎರಡಕ್ಕೂ ತಾರೀಕು.

ಇದೆಲ್ಲ ಓದಿ ಗೈಡ್ ಮೇಡಂ ಒಂದು ಹಳೇ ಕಥೆ ನೆನಪಿಸಿದರು. ನ್ಯೂಯಾರ್ಕಿನ ಅಮೆರಿಕನ್ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 2000ದಲ್ಲಿ ರೋಸ್ ಸೆಂಟರ್ ತೆರೆದಾಗ ಪ್ಲೂಟೊವನ್ನು ದೊಡ್ಡ ಗ್ರಹಗಳ ಸಾಲಿನಲ್ಲಿ ಇಡದೆ ನೆಪ್ಚೂನಿನ ಆಚೆಗಿನ ಕೈಪರ್ ಪಟ್ಟಿಯ ಹಿಮದ ಕಾಯಗಳ ಜೊತೆ ಇಟ್ಟಿತ್ತು. ಮರುವರ್ಷ ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಮಕ್ಕಳಿಂದ ಸಿಟ್ಟಿನ ಪತ್ರಗಳು ಬಂದವು. ಖಗೋಳ ಒಕ್ಕೂಟ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದದ್ದು 2006ರಲ್ಲಿ. “ಮುಂಚೆ ಹೇಳಿದರೂ ಬೈತಾರೆ, ತಡವಾಗಿ ಹೇಳಿದರೂ ಬೈತಾರೆ ಸರ್” ಅಂದರು. ನಿಜ. ಅದಕ್ಕೇ ನಾವು ಹಳದಿ ಗುಂಡಿ ಇಟ್ಟಿದ್ದು ಅಂತ ನಾನು ಅಂದೆ. ಹಳದಿ ಗುಂಡಿ ಅವರ ಯೋಚನೆ ಅಂತ ಅವರು ನೆನಪಿಸಿದರು.

ಸೆಪ್ಟೆಂಬರ್: ಆರು ಸಾವಿರ

ಹೊರಗ್ರಹಗಳ ಲೆಕ್ಕ 6000 ದಾಟುತ್ತದೆ ಅಂತ ಕಾಯುತ್ತಿದ್ದೆವು. ದಾಟಿತು. ನಾಸಾ ಸೆಪ್ಟೆಂಬರ್ 17ರಂದು ಅದನ್ನು ಸಾರಿತು. ನಮ್ಮ ಗೋಡೆಯಲ್ಲಿ ನಡೆದದ್ದೇ ಬೇರೆ.

ಇಷ್ಟು ದಿನ ಒಂದು ಸಲಕ್ಕೆ ಒಂದೋ ಎರಡೋ ಚಕ್ರ ತಿರುಗುತ್ತಿದ್ದವು. ಹಾಜರಿ ವೇಳೆಯಲ್ಲೂ ಒಂದೊಂದೇ. 5900 ಚಿಲ್ಲರೆಯಿಂದ 6000ಕ್ಕೆ ಹೋಗುವಾಗ ಮಾತ್ರ ನಾಲ್ಕೂ ಚಕ್ರ ಒಟ್ಟಿಗೆ ಹೊರಟವು. ಹೊರಟ ಅರೆಕ್ಷಣದಲ್ಲಿ ಪುಟ್ಟ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿತು, ಪರದೆ ಕಪ್ಪಾಯಿತು, ಪೈ ಮತ್ತೆ ಮೊದಲಿಂದ ಶುರುವಾಯಿತು. ಹಾಜರಿ ತೆಗೆದುಕೊಂಡಿತು, ಪೆನ್ ಡ್ರೈವಿನಲ್ಲಿದ್ದ ಹಳೇ ಅಂಕಿಗೆ ಹೋಯಿತು. ಹೊಸ ಅಂಕಿ ಕೇಳಿತು, 6000ದ ಮೇಲೆ ಅಂತ ಉತ್ತರ ಬಂತು, ನಾಲ್ಕೂ ಚಕ್ರ ಹೊರಟವು, ಮಿಂಚು, ಕಪ್ಪು. ಮಧ್ಯಾಹ್ನವಿಡೀ ನಮ್ಮ ಬ್ರಹ್ಮಾಂಡ ಆರು ಸಾವಿರದ ಹೊಸ್ತಿಲಲ್ಲಿ ಎಡವುತ್ತಲೇ ಇತ್ತು. ನೋಡಲು ಸೇರಿದ್ದವರು ಇದೂ ಪ್ರದರ್ಶನದ ಭಾಗ ಅಂದುಕೊಂಡರು.

ಕಾರಣ ಸುಲಭ. ಮೋಟಾರುಗಳಿಗೆ ಕರೆಂಟನ್ನು ಪೈನ 5 ವೋಲ್ಟ್ ಪಿನ್ನಿನಿಂದಲೇ ಎಳೆದಿದ್ದೆ. ಒಂದೆರಡು ಮೋಟಾರನ್ನು ಅದು ಸಹಿಸಿಕೊಂಡಿತ್ತು. ನಾಲ್ಕೂ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯಿತು. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪೈ ಆ ಮಿಂಚಿನ ಗುರುತು ತೋರಿಸುತ್ತದೆ, ಇನ್ನೂ ಇಳಿದರೆ ಕೈಚೆಲ್ಲುತ್ತದೆ. ಮೋಟಾರುಗಳಿಗೆ ಬೇರೆ 5 ವೋಲ್ಟ್ ಅಡಾಪ್ಟರ್ ಹಾಕಿ, ಎರಡರ ಗ್ರೌಂಡ್ ತಂತಿ ಮಾತ್ರ ಒಂದು ಮಾಡಿದೆ. ಮೇ ತಿಂಗಳಲ್ಲೇ ಮಾಡಬೇಕಿದ್ದ ಕೆಲಸ. ಪರೀಕ್ಷೆಯ ಪ್ರೋಗ್ರಾಮಿನಲ್ಲಿ ನಾಲ್ಕೂ ಚಕ್ರವನ್ನು ಒಟ್ಟಿಗೆ ಒಮ್ಮೆಯೂ ತಿರುಗಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಹಾಜರಿ ಆಯಿತು. ಹಳೇ ಅಂಕಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಾಲ್ಕೂ ಚಕ್ರ ಟಕಟಕ ಅಂತ ಹೊರಟು 6 ಬಂದು ನಿಂತಿತು, ಹಿಂದೆಯೇ ಉಳಿದವೂ. ಕೋಣೆಯಲ್ಲಿ ಇದ್ದದ್ದು ನಾನು ಮತ್ತು ನೆಲ ಒರೆಸುತ್ತಿದ್ದ ಅಮ್ಮ. ಅವರು ಒರೆಸುವುದು ನಿಲ್ಲಿಸಿ, “ಏನಾಯ್ತಪ್ಪಾ?” ಅಂದರು. ಆರು ಸಾವಿರ ಆಯಿತಮ್ಮ ಅಂದೆ. “ಯಾರ್ದು?” ಅಂದರು.

ಈಗ ಬಾಕಿ ಇರುವ ಕೆಲಸ ಒಂದೇ. ಶನಿಯ ಮೆಟ್ಟಿಲಿನಲ್ಲಿ ಕೊನೆಯ ಪಟ್ಟಿಯ ಪಕ್ಕ ಮೂರು ಖಾಲಿ ತೋಡು ಕೊರೆದಿಟ್ಟಿದ್ದೇನೆ. ಗೋಡೆಯ ಎತ್ತರ ಎರಡು ಮೀಟರ್, ಅಂದರೆ 400 ಉಪಗ್ರಹದವರೆಗೆ ಜಾಗ ಇದೆ. ಅದಕ್ಕಿಂತ ಜಾಸ್ತಿ ಸಿಕ್ಕರೆ ಸೂರು ಕೊರೆಯಬೇಕು. ಬಡಗಿಗೆ ಈಗಲೇ ಹೇಳಿಟ್ಟಿದ್ದೇನೆ.